ಹಿಮದ ನಾಡಿನ ಬೆಲೆ

1867ನೆಯ ಇಸವಿಯ ಮಾರ್ಚ್ 30ನೆಯ ದಿನ. ಬೆಳಗಿನ ಜಾವ ನಾಲ್ಕು ಗಂಟೆಯ ಸಮಯ. ಅಮೆರಿಕ ಸಂಯುಕ್ತ ಸಂಸ್ಥಾನಗಳ ರಾಜಧಾನಿಯಾದ ವಾಷಿಂಗ್‌ಟನ್ ನಗರವು ಇನ್ನೂ ನಿದ್ರೆಯಲ್ಲಿ ಮುಳುಗಿತ್ತು. ವಿದೇಶಾಂಗ ಕಚೇರಿಯಲ್ಲಿ ಮಾತ್ರ ದೀಪಗಳು ಉರಿಯುತ್ತಿದ್ದವು. ಅಲ್ಲಿ ವಿದೇಶಾಂಗ ಸಚಿವನಾದ ವಿಲಿಯಂ ಸೀವರ್ಡನೂ ರಷ್ಯದ ರಾಯಭಾರಿಯಾದ ಸ್ಟೋಕಲನೂ ಒಂದು ಒಪ್ಪಂದಕ್ಕೆ ಸಹಿ ಹಾಕಿದರು. ಅದರ ಪ್ರಕಾರ ರಷ್ಯದ ಚಕ್ರವರ್ತಿಯು ಉತ್ತರ ಅಮೆರಿಕ ಖಂಡದ ವಾಯವ್ಯ ಮೂಲೆಯಲ್ಲಿದ್ದ ತನ್ನ ವಿಶಾಲ ಪ್ರದೇಶವನ್ನು 72 ಲಕ್ಷ ಡಾಲರುಗಳಿಗೆ ಅಮೆರಿಕಕ್ಕೆ ಮಾರಿದನು. ಲೆಕ್ಕ ಹಾಕಿದರೆ ಎಕರೆಯೊಂದಕ್ಕೆ ಬಿದ್ದ ಬೆಲೆ ಸುಮಾರು ಎರಡು ಸೆಂಟುಗಳು ಮಾತ್ರ! ಆದರೂ ಅಂದಿನ ಕೆಲವು ಪತ್ರಿಕೆಗಳಿಗೆ ಇದು ದುಬಾರಿಯಾಗಿ ಕಂಡಿತು. ಮಂಜುಗಡ್ಡೆಯ ಪೆಟ್ಟಿಗೆಯನ್ನು ಕೊಂಡ ಸೀವರ್ಡನ ಮೂರ್ಖತನವೆಂದು ಅವು ಹಾಸ್ಯ ಮಾಡಿದವು.

ಆ ನಾಡೇ ಅಲಾಸ್ಕ. ಇಂದು ಅದು ಅಮೆರಿಕ ಸಂಯುಕ್ತ ಸಂಸ್ಥಾನಗಳ 50 ರಾಜ್ಯಗಳಲ್ಲಿ ಎಲ್ಲಕ್ಕಿಂತ ದೊಡ್ಡದು, ಎಲ್ಲಕ್ಕಿಂತ ಉತ್ತರದಲ್ಲಿರುವುದು. ಒಂದು ನಾಡಿನ ಬೆಲೆಯೆಂದರೇನು, ಅದನ್ನು ಕಟ್ಟುವವರು ಯಾರು ಎಂಬ ಪ್ರಶ್ನೆಗೆ ಅಲಾಸ್ಕದ ಚರಿತ್ರೆಯಷ್ಟು ಸ್ಪಷ್ಟವಾದ ಉದಾಹರಣೆ ದೊರೆಯುವುದು ವಿರಳ.

ಮೊದಲು ಆ ನಾಡಿನ ಸ್ವರೂಪವನ್ನು ನೋಡೋಣ. ಅಲಾಸ್ಕದ ವಿಸ್ತೀರ್ಣ ಸುಮಾರು 17 ಲಕ್ಷ 18 ಸಾವಿರ ಚದರ ಕಿಲೋಮೀಟರುಗಳು. ಅಂದರೆ ನಮ್ಮ ಕರ್ನಾಟಕದಂಥ ಎಂಟು ರಾಜ್ಯಗಳನ್ನು ಅದರೊಳಗೆ ಇಟ್ಟರೂ ಇನ್ನೂ ಸ್ಥಳ ಉಳಿಯುತ್ತದೆ. ಆದರೆ 2020ರ ಜನಗಣತಿಯಂತೆ ಅಲ್ಲಿಯ ಜನಸಂಖ್ಯೆ 7 ಲಕ್ಷ 33 ಸಾವಿರ. ಮೈಸೂರು ನಗರವೊಂದರ ಜನಸಂಖ್ಯೆಗಿಂತಲೂ ಕಡಿಮೆ. ಅವರಲ್ಲಿ ಐವರಿಗೆ ಇಬ್ಬರಂತೆ ಆಂಕರೇಜ್ ಎಂಬ ಒಂದೇ ನಗರದಲ್ಲಿ ನೆಲೆಸಿದ್ದಾರೆ. ಮಿಕ್ಕ ನಾಡೆಲ್ಲ ಬೆಟ್ಟ, ಕಾಡು, ನದಿ, ಹಿಮ ಮತ್ತು ಮೌನ. ರಾಜಧಾನಿಯಾದ ಜೂನೋ ನಗರಕ್ಕೆ ಹೊರಗಿನಿಂದ ರಸ್ತೆಯೇ ಇಲ್ಲ. ಹಡಗಿನಲ್ಲಿಯೋ ವಿಮಾನದಲ್ಲಿಯೋ ಹೋಗಬೇಕು.

ಅಲಾಸ್ಕದ ಪೂರ್ವಕ್ಕೆ ಕೆನಡ ದೇಶವಿದೆ. ಉತ್ತರಕ್ಕೆ ಆರ್ಕ್‌ಟಿಕ್ ಸಾಗರ, ದಕ್ಷಿಣಕ್ಕೆ ಪೆಸಿಫಿಕ್ ಸಾಗರ. ಪಶ್ಚಿಮದಲ್ಲಿ ಸುಮಾರು 85 ಕಿಲೋಮೀಟರ್ ಅಗಲದ ಬೇರಿಂಗ್ ಜಲಸಂಧಿಯು ಅದನ್ನು ರಷ್ಯದಿಂದ ಬೇರ್ಪಡಿಸುತ್ತದೆ. ಈ ಜಲಸಂಧಿಯ ನಡುವೆ ಡಯೊಮೀಡ್ ಎಂಬ ಎರಡು ದ್ವೀಪಗಳುಂಟು. ದೊಡ್ಡದು ರಷ್ಯದ್ದು, ಚಿಕ್ಕದು ಅಮೆರಿಕದ್ದು. ಅವುಗಳ ನಡುವಣ ಅಂತರ ನಾಲ್ಕು ಕಿಲೋಮೀಟರಿನಷ್ಟೇ ಆದರೂ ಅಂತರರಾಷ್ಟ್ರೀಯ ದಿನರೇಖೆಯು ಮಧ್ಯದಲ್ಲಿ ಹಾದುಹೋಗುವುದರಿಂದ, ಚಿಕ್ಕ ದ್ವೀಪದಲ್ಲಿ ಭಾನುವಾರವಿರುವಾಗ ಎದುರಿಗೆ ಕಾಣುವ ದೊಡ್ಡ ದ್ವೀಪದಲ್ಲಿ ಸೋಮವಾರವಾಗಿರುತ್ತದೆ!

ಅಲಾಸ್ಕವೆಂದರೆ ಎಲ್ಲೆಲ್ಲಿಯೂ ಒಂದೇ ಬಗೆಯ ಹಿಮವೆಂದು ಭಾವಿಸುವುದು ತಪ್ಪು. ಆಗ್ನೇಯದ ಕರಾವಳಿಯಲ್ಲಿ ಸಮುದ್ರದ ಗಾಳಿಯಿಂದಾಗಿ ಚಳಿ ಮಿತವಾಗಿದೆ. ಕೆಚಿಕನ್ ಪಟ್ಟಣದಲ್ಲಿ ವರ್ಷಕ್ಕೆ ಸುಮಾರು 350 ಸೆಂಟಿಮೀಟರುಗಳಷ್ಟು ಮಳೆ ಬೀಳುತ್ತದೆ. ಅಲ್ಲಿ ನಮ್ಮ ಮಲೆನಾಡಿನಂತೆಯೇ ದಟ್ಟವಾದ ಕಾಡುಗಳಿವೆ. ಆದರೆ ಅವು ದೇವದಾರು ಜಾತಿಯ ಸೂಚಿಪರ್ಣ ಮರಗಳ ಕಾಡುಗಳು. ಒಳನಾಡಿನ ಮಾತೇ ಬೇರೆ. ಪ್ರಾಸ್ಪೆಕ್ಟ್ ಕ್ರೀಕ್ ಎಂಬಲ್ಲಿ 1971ರ ಜನವರಿ 23ರಂದು ಉಷ್ಣತೆಯು ಸೊನ್ನೆಗಿಂತ 62 ಡಿಗ್ರಿ ಸೆಲ್ಸಿಯಸ್ ಕೆಳಗೆ ಇಳಿದಿತ್ತು. ಅದೇ ಒಳನಾಡಿನ ಫೋರ್ಟ್ ಯೂಕಾನಿನಲ್ಲಿ 1915ರ ಜೂನ್ ತಿಂಗಳಲ್ಲಿ ಸುಮಾರು 38 ಡಿಗ್ರಿಗಳ ಬಿಸಿಲು ದಾಖಲಾಗಿದೆ. ಉತ್ತರದಲ್ಲಿ ಬ್ರೂಕ್ಸ್ ಪರ್ವತಶ್ರೇಣಿ, ದಕ್ಷಿಣದಲ್ಲಿ ಅಲಾಸ್ಕ ಶ್ರೇಣಿ. ನಡುವೆ ಕೆನಡದಲ್ಲಿ ಹುಟ್ಟಿ ಬರುವ ಯೂಕಾನ್ ನದಿಯು ಸುಮಾರು 3,200 ಕಿಲೋಮೀಟರ್ ಹರಿದು ಬೇರಿಂಗ್ ಸಮುದ್ರವನ್ನು ಸೇರುತ್ತದೆ.

ಅಲಾಸ್ಕ ಶ್ರೇಣಿಯಲ್ಲಿರುವ 6,190 ಮೀಟರ್ ಎತ್ತರದ ಶಿಖರವು ಉತ್ತರ ಅಮೆರಿಕ ಖಂಡದಲ್ಲಿಯೇ ಅತ್ಯುನ್ನತವಾದದ್ದು. ಅದರ ಬುಡದಲ್ಲಿ ಬಾಳಿದ ಅಥಬಾಸ್ಕನ್ ಜನರು ಅದನ್ನು ‘ಡೆನಾಲಿ’ ಎಂದು ಕರೆದರು. ಎತ್ತರವಾದದ್ದು ಎಂದು ಅದರ ಅರ್ಥ. ಹೊರಗಿನಿಂದ ಬಂದವರು ರಾಜಕಾರಣಿಯೊಬ್ಬನ ಹೆಸರಿನಲ್ಲಿ ಅದನ್ನು ‘ಮೆಕಿನ್ಲಿ’ ಎಂದರು. 1917ರಲ್ಲಿ ಅಧಿಕೃತವಾದ ಈ ಹೆಸರು 2015ರಲ್ಲಿ ‘ಡೆನಾಲಿ’ಯಾಗಿ ಬದಲಾಯಿತು; 2025ರಲ್ಲಿ ಅಮೆರಿಕದ ಕೇಂದ್ರ ಸರ್ಕಾರವು ಮತ್ತೆ ಹಳೆಯ ‘ಮೆಕಿನ್ಲಿ’ಗೆ ಹಿಂದಿರುಗಿತು. ಹೆಸರು ಏನೇ ಇರಲಿ, 1913ರ ಜೂನ್ 7ರಂದು ಆ ಶಿಖರದ ತುದಿಯಲ್ಲಿ ಮೊತ್ತಮೊದಲು ಕಾಲಿರಿಸಿದವನು ಅಥಬಾಸ್ಕನ್ ತಾಯಿಯ ಮಗನಾದ ವಾಲ್ಟರ್ ಹಾರ್ಪರ್ ಎಂಬ ತರುಣನು.

ಉತ್ತರದ ತುತ್ತತುದಿಯಲ್ಲಿರುವ ಉಟ್ಕಿಯಾಗ್ವಿಕ್ ಎಂಬ ಊರಿನಲ್ಲಿ ಮೇ ತಿಂಗಳ ಎರಡನೆಯ ವಾರದಿಂದ 80 ದಿನಗಳಿಗೂ ಮಿಕ್ಕಿ ಸೂರ್ಯನು ಮುಳುಗುವುದೇ ಇಲ್ಲ. ನವೆಂಬರ್ ನಡುಭಾಗದಲ್ಲಿ ಅಸ್ತಮಿಸಿದ ಸೂರ್ಯನು ಮತ್ತೆ ಮುಖ ತೋರಿಸುವುದು ಜನವರಿಯ ಕೊನೆಯ ಭಾಗದಲ್ಲಿ. ಆ ದೀರ್ಘ ರಾತ್ರಿಯಲ್ಲಿ ಹಸುರು, ಕೆಂಪು ಬಣ್ಣದ ಮೇರುಜ್ಯೋತಿಯು ಆಕಾಶದಲ್ಲಿ ತೆರೆತೆರೆಯಾಗಿ ಆಡುತ್ತದೆ. ದಕ್ಷಿಣದ ಮಟನುಸ್ಕ ಕಣಿವೆಯಲ್ಲಿ ಬೇಸಗೆಯ ದೀರ್ಘವಾದ ಹಗಲಿನ ಫಲವಾಗಿ ತರಕಾರಿಗಳು ಬೆರಗುಗೊಳಿಸುವಷ್ಟು ಬೆಳೆಯುತ್ತವೆ. 2012ರಲ್ಲಿ ಅಲ್ಲಿಯ ಜಾತ್ರೆಯಲ್ಲಿ ತೂಗಿದ ಒಂದೇ ಒಂದು ಎಲೆಕೋಸಿನ ತೂಕ 62 ಕಿಲೋಗ್ರಾಮುಗಳನ್ನು ಮೀರಿತ್ತು!

ಇಂಥ ನಾಡಿನಲ್ಲಿ ಮನುಷ್ಯನು ಕನಿಷ್ಠ 14,000 ವರ್ಷಗಳಿಂದ ಬಾಳಿದ್ದಾನೆ. ಹಿಮಯುಗದಲ್ಲಿ ಸಮುದ್ರದ ಮಟ್ಟ ತಗ್ಗಿದ್ದುದರಿಂದ ಏಷ್ಯ ಮತ್ತು ಅಮೆರಿಕಗಳ ನಡುವೆ ಒಣನೆಲವಿತ್ತು. ಮಾನವನು ಏಷ್ಯದಿಂದ ಆ ನೆಲದ ಮಾರ್ಗವಾಗಿ ಅಮೆರಿಕವನ್ನು ಪ್ರವೇಶಿಸಿದನು. ಉತ್ತರದ ಕರಾವಳಿಯಲ್ಲಿ ಇನುಪಿಯಾಟರು, ಪಶ್ಚಿಮದಲ್ಲಿ ಯೂಪಿಕರು, ದ್ವೀಪಸರಣಿಯಲ್ಲಿ ಅಲ್ಯೂಟರು, ಒಳನಾಡಿನಲ್ಲಿ ಅಥಬಾಸ್ಕನರು, ಆಗ್ನೇಯದಲ್ಲಿ ಟ್ಲಿಂಗಿಟರು ಹಾಗೂ ಹೈಡರು ನೆಲೆಸಿದರು. ಮೂಳೆ, ತೊಗಲು, ಮರ, ಕಲ್ಲು—ಇಷ್ಟೇ ಅವರ ಸಾಮಗ್ರಿ. ಇದರಿಂದಲೇ ಅವರು ನೀರು ಒಳಗಿಳಿಯದ ದೋಣಿಗಳನ್ನೂ ಚಳಿಯನ್ನು ತಡೆಯುವ ಉಡುಪುಗಳನ್ನೂ ನಿರ್ಮಿಸಿದರು. ತಿಮಿಂಗಿಲವೊಂದು ದೊರೆತರೆ ಅದು ಬೇಟೆಯಾಡಿದವನೊಬ್ಬನ ಸೊತ್ತಲ್ಲ. ಊರಿನವರೆಲ್ಲರಿಗೂ ಅದರಲ್ಲಿ ಪಾಲುಂಟು. ಈ ಪದ್ಧತಿಯು ಉತ್ತರ ಕರಾವಳಿಯಲ್ಲಿ ಇಂದಿಗೂ ಉಳಿದುಬಂದಿದೆ. ಹಂಚಿಕೊಳ್ಳದವನು ಆ ಚಳಿಯಲ್ಲಿ ಬದುಕಲಾರನೆಂಬುದನ್ನು ಅವರು ಅನುಭವದಿಂದ ಕಲಿತಿದ್ದರು. ‘ಅಲಾಸ್ಕ’ ಎಂಬ ಹೆಸರೂ ಅಲ್ಯೂಟರ ಭಾಷೆಯಿಂದಲೇ ಬಂದುದು. ಕಡಲಿನ ಅಲೆಗಳು ಯಾವುದರ ಕಡೆಗೆ ಧಾವಿಸುತ್ತವೆಯೋ ಆ ನೆಲ ಎಂದು ಅದರ ಅರ್ಥ.

ಹೊರಗಿನವರ ಆಗಮನವು ಹದಿನೆಂಟನೆಯ ಶತಮಾನದಲ್ಲಿ ಪ್ರಾರಂಭವಾಯಿತು. ರಷ್ಯದ ಸೇವೆಯಲ್ಲಿದ್ದ ಡೆನ್ಮಾರ್ಕಿನ ನಾವಿಕ ವಿಟಸ್ ಬೇರಿಂಗನು 1741ರಲ್ಲಿ ಅಲಾಸ್ಕದ ತೀರವನ್ನು ಕಂಡನು. ಹಿಂದಿರುಗುವಾಗ ಅವನ ಹಡಗು ಒಂದು ನಿರ್ಜನ ದ್ವೀಪಕ್ಕೆ ಸಿಲುಕಿ, ಅವನು ಅಲ್ಲಿಯೇ ಪ್ರಾಣಬಿಟ್ಟನು. ಉಳಿದವರು ಒಡೆದ ಹಡಗಿನ ಹಲಗೆಗಳಿಂದ ದೋಣಿಯೊಂದನ್ನು ಕಟ್ಟಿ ಮರುವರ್ಷ ಊರು ಸೇರಿದರು. ಅವರು ಕೊಂಡೊಯ್ದ ಕಡಲ ನೀರುನಾಯಿಯ ಮೃದುವಾದ ತೊಗಲುಗಳನ್ನು ಕಂಡ ವ್ಯಾಪಾರಿಗಳ ಕಣ್ಣು ಅರಳಿತು. ಆ ತೊಗಲಿಗಾಗಿ ರಷ್ಯದ ಹಡಗುಗಳು ಒಂದರ ಹಿಂದೆ ಒಂದರಂತೆ ಬಂದವು. 1784ರಲ್ಲಿ ಕೋಡಿಯಾಕ್ ದ್ವೀಪದಲ್ಲಿ ಅವರ ನೆಲೆಯೊಂದು ಸ್ಥಾಪಿತವಾಯಿತು. 1799ರಲ್ಲಿ ರಷ್ಯನ್ ಅಮೆರಿಕನ್ ಕಂಪನಿಗೆ ಚಕ್ರವರ್ತಿಯ ಸನ್ನದು ದೊರೆಯಿತು.

ಬೇಟೆಯಲ್ಲಿ ನಿಪುಣರಾದ ಅಲ್ಯೂಟರನ್ನು ವ್ಯಾಪಾರಿಗಳು ಬಲಾತ್ಕಾರವಾಗಿ ದುಡಿಸಿಕೊಂಡರು. ಹೊಸ ರೋಗಗಳೂ ಹಿಂಸೆಯೂ ಕೂಡಿ, ಕೆಲವೇ ದಶಕಗಳಲ್ಲಿ ಆ ಜನರ ಸಂಖ್ಯೆ ಹಿಂದಿದ್ದುದರ ಒಂದು ಸಣ್ಣ ಪಾಲಿಗೆ ಇಳಿಯಿತು. ಪ್ರಾಣಿಗಳ ಗತಿಯೂ ಅಷ್ಟೆ. ಬೇರಿಂಗನ ಸಂಗಡ ಇದ್ದ ಸ್ಟೆಲರ್ ಎಂಬ ವಿಜ್ಞಾನಿಯು ವರ್ಣಿಸಿದ ಬೃಹತ್ ಕಡಲಹಸುವು 1768ರ ಹೊತ್ತಿಗೆ, ಎಂದರೆ 27 ವರ್ಷಗಳಲ್ಲಿ, ಭೂಮಿಯ ಮೇಲಿಂದಲೇ ಅಳಿದುಹೋಯಿತು. ಹಾಗೆಂದು ಬಂದವರೆಲ್ಲರೂ ಸುಲಿಗೆಗೆ ಬಂದವರಲ್ಲ. 1824ರಲ್ಲಿ ಬಂದ ವೆನಿಯಾಮಿನೋವ್ ಎಂಬ ಪಾದ್ರಿಯು ಅಲ್ಯೂಟ್ ಮುಖಂಡನೊಬ್ಬನ ನೆರವಿನಿಂದ ಆ ಜನರ ನುಡಿಗೆ ಲಿಪಿಯನ್ನು ರೂಪಿಸಿ, ಮಕ್ಕಳಿಗೆ ಓದುಬರಹವನ್ನು ಕಲಿಸಿದನು.

ನೀರುನಾಯಿಗಳು ಮುಗಿಯುತ್ತ ಬಂದಂತೆ ರಷ್ಯಕ್ಕೆ ಅಲಾಸ್ಕದ ಮೇಲಿನ ಆಸಕ್ತಿಯೂ ಕುಗ್ಗಿತು. 1853ರಿಂದ 1856ರವರೆಗೆ ನಡೆದ ಕ್ರಿಮಿಯ ಯುದ್ಧದಲ್ಲಿ ಬ್ರಿಟನ್ನಿನ ಎದುರು ಸೋತಿದ್ದ ರಷ್ಯಕ್ಕೆ, ದೂರದ ಈ ನಾಡನ್ನು ಬ್ರಿಟಿಷರು ಕಿತ್ತುಕೊಂಡಾರೆಂಬ ಭಯವೂ ಇತ್ತು. ಕಳೆದುಕೊಳ್ಳುವುದಕ್ಕಿಂತ ಮಾರುವುದೇ ಮೇಲೆಂದು ಅದು ನಿರ್ಧರಿಸಿತು. 1867ರ ಅಕ್ಟೋಬರ್ 18ರಂದು ಸಿಟ್ಕ ಪಟ್ಟಣದಲ್ಲಿ ರಷ್ಯದ ಧ್ವಜವು ಇಳಿದು ಅಮೆರಿಕದ ಧ್ವಜವು ಏರಿತು.

ಆದರೆ ಈ ಮಾರಾಟದಲ್ಲಿ ಒಂದು ಮಾತು ಯಾರ ಬಾಯಿಂದಲೂ ಬರಲಿಲ್ಲ. ಸಾವಿರಾರು ವರ್ಷಗಳಿಂದ ಅಲ್ಲಿ ಬಾಳಿದ ಮೂಲನಿವಾಸಿಗಳನ್ನು ಯಾರೂ ಕೇಳಲಿಲ್ಲ. ಅಲಾಸ್ಕದ ಬಹುಭಾಗದಲ್ಲಿ ರಷ್ಯನ್ನರು ಕಾಲನ್ನೇ ಇಟ್ಟಿರಲಿಲ್ಲ. ತಾವು ಬಿಟ್ಟುಕೊಡದ ನೆಲವನ್ನು ಮತ್ತೊಬ್ಬರು ಹೇಗೆ ಮಾರಿಯಾರೆಂದು ಟ್ಲಿಂಗಿಟ್ ಮುಖಂಡರು ಆಕ್ಷೇಪಿಸಿದರು. ಅವರ ಮಾತು ನಡೆಯಲಿಲ್ಲ. ಒಪ್ಪಂದವು ಅವರನ್ನು ‘ಅನಾಗರಿಕ ಬುಡಕಟ್ಟುಗಳು’ ಎಂದು ಕರೆದು ಪೌರತ್ವದಿಂದ ಹೊರಗಿಟ್ಟಿತು. ತಮ್ಮ ನಾಡಿನಲ್ಲಿಯೇ ಅವರೆಲ್ಲರೂ ಪೌರರೆನಿಸಿಕೊಳ್ಳಲು 1924ರವರೆಗೆ ಕಾಯಬೇಕಾಯಿತು.

ಮುಂದೆ ಹಾಸ್ಯ ಮಾಡಿದವರ ಬಾಯಿ ಮುಚ್ಚುವಂತೆ ನೆಲದೊಳಗಿನ ಸಂಪತ್ತು ಹೊರಬಿದ್ದಿತು. 1880ರಲ್ಲಿ ಜೂನೋ ಬಳಿ ಚಿನ್ನ ಸಿಕ್ಕಿತು. ಶೋಧಕರಿಗೆ ದಾರಿ ತೋರಿಸಿದವನು ಕೋವಿ ಎಂಬ ಟ್ಲಿಂಗಿಟ್ ಮುಖಂಡನು. 1896ರಲ್ಲಿ ನೆರೆಯ ಕೆನಡದ ಕ್ಲಾಂಡೈಕ್ ಪ್ರದೇಶದಲ್ಲಿ ಚಿನ್ನ ಕಂಡಾಗ ಸಾವಿರಾರು ಜನರು ಅಲಾಸ್ಕದ ಕಣಿವೆಗಳ ಮೂಲಕ ಅತ್ತ ಧಾವಿಸಿದರು. ವರ್ಷಕ್ಕೆ ಸಾಲುವ ದಿನಸಿಯನ್ನು ತರದವರನ್ನು ಕೆನಡದ ಪೊಲೀಸರು ಒಳಗೆ ಬಿಡುತ್ತಿರಲಿಲ್ಲ. ಆದ್ದರಿಂದ ಒಬ್ಬೊಬ್ಬನೂ ಒಂದು ಟನ್ನಿನಷ್ಟು ಭಾರವನ್ನು ಸ್ವಲ್ಪಸ್ವಲ್ಪವಾಗಿ ಹೊತ್ತು, ಹಿಮದಲ್ಲಿ ಕಡಿದ ಮೆಟ್ಟಿಲುಗಳನ್ನು ಹತ್ತಾರು ಬಾರಿ ಹತ್ತಿ ಇಳಿಯಬೇಕಾಗಿತ್ತು. ಬಹುಮಂದಿ ಬರಿಗೈಯಲ್ಲಿ ಹಿಂದಿರುಗಿದರು. ಪಶ್ಚಿಮ ಕಡಲತೀರದ ನೋಮ್, ಒಳನಾಡಿನ ಫೇರ್‌ಬ್ಯಾಂಕ್ಸ್ ಪಟ್ಟಣಗಳು ಹುಟ್ಟಿದ್ದು ಈ ಚಿನ್ನದ ಬೇಟೆಯಿಂದಲೇ.

ಅದೇ ನೋಮ್ ಪಟ್ಟಣದಲ್ಲಿ ಚಿನ್ನಕ್ಕಿಂತ ಅಮೂಲ್ಯವಾದ ವಸ್ತುವೊಂದಕ್ಕಾಗಿ ಇಡೀ ಊರು ಕಾದು ಕುಳಿತ ಪ್ರಸಂಗವೊಂದುಂಟು. 1925ರ ಜನವರಿಯಲ್ಲಿ ಅಲ್ಲಿಯ ಮಕ್ಕಳಿಗೆ ಗಂಟಲುಮಾರಿ ರೋಗ ತಗುಲಿತು. ಊರಿನ ಏಕಮಾತ್ರ ವೈದ್ಯನ ಬಳಿ ಸಾಕಷ್ಟು ಔಷಧವಿರಲಿಲ್ಲ. ಕಡಲು ಹೆಪ್ಪುಗಟ್ಟಿ ಹಡಗುಗಳು ಬರುವಂತಿರಲಿಲ್ಲ. ವೈದ್ಯನು ತಂತಿಯ ಮೂಲಕ ಮೊರೆಯಿಟ್ಟನು. ರೈಲಿನಲ್ಲಿ ನೆನಾನ ಎಂಬ ನಿಲ್ದಾಣದವರೆಗೆ ಔಷಧ ಬಂದಿತು. ಅಲ್ಲಿಂದ ನೋಮಿಗೆ ಸುಮಾರು 1,085 ಕಿಲೋಮೀಟರುಗಳ ಹಿಮದ ದಾರಿ. ಸುಮಾರು 20 ಮಂದಿ ಸವಾರರು 150ರಷ್ಟು ನಾಯಿಗಳನ್ನು ಜಾರುಬಂಡಿಗಳಿಗೆ ಕಟ್ಟಿ, ಒಬ್ಬರಿಂದ ಒಬ್ಬರಿಗೆ ಔಷಧವನ್ನು ದಾಟಿಸುತ್ತ, ಸೊನ್ನೆಗಿಂತ 40 ಡಿಗ್ರಿಗಳಿಗೂ ಕೆಳಗಿನ ಚಳಿಯಲ್ಲಿ ಐದೂವರೆ ದಿನಗಳಲ್ಲಿ ಆ ದಾರಿಯನ್ನು ಕ್ರಮಿಸಿದರು. ಸವಾರರಲ್ಲಿ ಹಲವರು ಮೂಲನಿವಾಸಿಗಳು. ಕೊನೆಯ ಗಾಡಿಯ ಮುಂದಾಳು ನಾಯಿ ಬಾಲ್ಟೋಗೆ ನ್ಯೂಯಾರ್ಕ್ ನಗರದಲ್ಲಿ ಪ್ರತಿಮೆಯನ್ನು ನಿಲ್ಲಿಸಿದ್ದಾರೆ. ಎಲ್ಲರಿಗಿಂತ ದೀರ್ಘವೂ ಅಪಾಯಕರವೂ ಆದ ಭಾಗವನ್ನು ಕ್ರಮಿಸಿದ ಟೋಗೋ ಎಂಬ ನಾಯಿಗೆ ಮನ್ನಣೆ ದೊರೆತದ್ದು ತಡವಾಗಿ.

ಜೀವ ಉಳಿಸಲು ಒಂದಾದ ಊರುಗಳಲ್ಲಿಯೂ ಜನಾಂಗಭೇದವಿತ್ತೆಂಬುದನ್ನು ಮರೆಯುವಂತಿಲ್ಲ. ಕೆಲವು ಅಂಗಡಿ, ಉಪಾಹಾರ ಗೃಹಗಳ ಬಾಗಿಲಲ್ಲಿ ಮೂಲನಿವಾಸಿಗಳಿಗೆ ಪ್ರವೇಶವಿಲ್ಲವೆಂಬ ಫಲಕಗಳು ತೂಗುತ್ತಿದ್ದವು. ಎರಡನೆಯ ಮಹಾಯುದ್ಧದಲ್ಲಿ, 1942ರ ಜೂನ್ ತಿಂಗಳಲ್ಲಿ, ಜಪಾನು ಅಟ್ಟು ಮತ್ತು ಕಿಸ್ಕ ದ್ವೀಪಗಳನ್ನು ಹಿಡಿಯಿತು. ಆಗ ಅಮೆರಿಕದ ಸರ್ಕಾರವು ಇತರ ದ್ವೀಪಗಳ ಅಲ್ಯೂಟರನ್ನು ದೂರದ ಪಾಳುಬಿದ್ದ ಮೀನಿನ ಕಾರ್ಖಾನೆಗಳಿಗೆ ಸಾಗಿಸಿತು. ರೋಗ ಮತ್ತು ನಿರ್ಲಕ್ಷ್ಯಗಳಿಂದ ಅಲ್ಲಿ ಹತ್ತರಲ್ಲಿ ಒಬ್ಬರಂತೆ ಸತ್ತರು. ಈ ತಪ್ಪಿಗಾಗಿ ಸರ್ಕಾರವು ಕ್ಷಮೆ ಯಾಚಿಸಿದ್ದು 1988ರಲ್ಲಿ. 1945ರಲ್ಲಿ ಜನಾಂಗಭೇದವನ್ನು ನಿಷೇಧಿಸುವ ಮಸೂದೆಯು ಜೂನೋದ ಶಾಸನಸಭೆಯ ಮುಂದೆ ಬಂದಾಗ, ಎಲಿಜಬೆತ್ ಪೆರಟ್ರೊವಿಚ್ ಎಂಬ ಟ್ಲಿಂಗಿಟ್ ಮಹಿಳೆ ಎದ್ದು ನಿಂತು, ತಮ್ಮ ಸಂಸಾರಕ್ಕೆ ಬಾಡಿಗೆಯ ಮನೆಯೂ ಸಿಗದಂತಾದ ಕಥೆಯನ್ನು ಶಾಂತವಾಗಿ ವಿವರಿಸಿದರು. ಮಸೂದೆ ಅಂಗೀಕೃತವಾಯಿತು. ಅದಕ್ಕೆ ಸಹಿ ಬಿದ್ದ ಫೆಬ್ರವರಿ 16ನೆಯ ದಿನವನ್ನು ಅಲಾಸ್ಕದಲ್ಲಿ ಅವರ ಹೆಸರಿನಲ್ಲಿಯೇ ಆಚರಿಸುತ್ತಾರೆ.

1959ರ ಜನವರಿ 3ರಂದು ಅಲಾಸ್ಕವು ಅಮೆರಿಕದ 49ನೆಯ ರಾಜ್ಯವಾಯಿತು. ಐದು ವರ್ಷಗಳ ಬಳಿಕ, 1964ರ ಮಾರ್ಚ್ 27ರಂದು, 9.2 ಪ್ರಮಾಣದ ಭೂಕಂಪವು ಸುಮಾರು ನಾಲ್ಕೂವರೆ ನಿಮಿಷಗಳ ಕಾಲ ನೆಲವನ್ನು ನಡುಗಿಸಿತು. ಸತ್ತ ನೂರಕ್ಕೂ ಹೆಚ್ಚು ಜನರಲ್ಲಿ ಬಹುಪಾಲು ಮಂದಿ ಸುನಾಮಿಗೆ ಸಿಕ್ಕಿದವರು.

1968ರಲ್ಲಿ ಉತ್ತರ ಕರಾವಳಿಯ ಪ್ರೂಡೋ ಕೊಲ್ಲಿಯಲ್ಲಿ ಅಪಾರವಾದ ಖನಿಜ ತೈಲವು ಪತ್ತೆಯಾಯಿತು. ಅದನ್ನು ಸಾಗಿಸುವ ಕೊಳವೆಮಾರ್ಗವು ಯಾರ ನೆಲದ ಮೇಲೆ ಹೋಗಬೇಕು? ನೂರು ವರ್ಷಗಳ ಹಿಂದೆ ಕೇಳದೆ ಬಿಟ್ಟ ಪ್ರಶ್ನೆ ಈಗ ತಾನಾಗಿಯೇ ಎದುರು ನಿಂತಿತು. ಮೂಲನಿವಾಸಿಗಳು ಸಂಘಟಿತರಾಗಿ ತಮ್ಮ ಹಕ್ಕನ್ನು ಮಂಡಿಸಿದರು. 1971ರ ಡಿಸೆಂಬರಿನಲ್ಲಿ ಜಾರಿಗೆ ಬಂದ ಕಾನೂನಿನಂತೆ ಅವರಿಗೆ 4 ಕೋಟಿ 40 ಲಕ್ಷ ಎಕರೆ ಭೂಮಿಯೂ 96 ಕೋಟಿ 25 ಲಕ್ಷ ಡಾಲರ್ ಪರಿಹಾರವೂ ದೊರೆತವು. ಅದಕ್ಕೆ ಪ್ರತಿಯಾಗಿ ಉಳಿದ ನಾಡಿನ ಮೇಲಿನ ಹಕ್ಕನ್ನೂ, ಪರಂಪರೆಯಿಂದ ಬಂದ ಬೇಟೆಯ ಮತ್ತು ಮೀನುಗಾರಿಕೆಯ ಹಕ್ಕನ್ನೂ ಕಾನೂನು ರದ್ದುಪಡಿಸಿತು. ಆದ್ದರಿಂದ ಅದು ಗೆಲುವೋ ಸೋಲೋ ಎಂಬ ಚರ್ಚೆ ಅವರಲ್ಲಿಯೇ ಇನ್ನೂ ಮುಗಿದಿಲ್ಲ.

1977ರಲ್ಲಿ ಪೂರ್ಣಗೊಂಡ ಆ ಕೊಳವೆಮಾರ್ಗದ ಉದ್ದ ಸುಮಾರು 1,287 ಕಿಲೋಮೀಟರುಗಳು. ಅದರ ರಚನೆಯೇ ಒಂದು ಭೂಗೋಳ ಪಾಠ. ಉತ್ತರ ಅಲಾಸ್ಕದ ನೆಲ ಮೇಲ್ಪದರವನ್ನು ಬಿಟ್ಟರೆ ವರ್ಷವಿಡೀ ಹೆಪ್ಪುಗಟ್ಟಿರುತ್ತದೆ. ಬಿಸಿಯಾದ ಎಣ್ಣೆಯ ಕೊಳವೆಯನ್ನು ಅಲ್ಲಿ ಹೂಳಿದರೆ ನೆಲ ಕರಗಿ ಕುಸಿಯುತ್ತದೆ. ಆದುದರಿಂದ ಅರ್ಧಕ್ಕಿಂತ ಹೆಚ್ಚು ಭಾಗವನ್ನು ಕಂಬಗಳ ಮೇಲೆ ಎತ್ತಿ ನಿಲ್ಲಿಸಿದ್ದಾರೆ. ಹಿಮಸಾರಂಗಗಳು ದಾಟಲು ಅಲ್ಲಲ್ಲಿ ಅವಕಾಶ ಬಿಟ್ಟಿದ್ದಾರೆ. ನೆಲ ಅಲುಗಿದಾಗ ಅತ್ತಿತ್ತ ಸರಿಯುವಂತೆ ಅದನ್ನು ಅಂಕುಡೊಂಕಾಗಿ ಹಾಯಿಸಿದ್ದಾರೆ. 2002ರ ನವೆಂಬರಿನಲ್ಲಿ 7.9 ಪ್ರಮಾಣದ ಭೂಕಂಪವಾದಾಗಲೂ ಕೊಳವೆಯಿಂದ ಎಣ್ಣೆ ಚೆಲ್ಲಲಿಲ್ಲ. ಆದರೆ ಎಚ್ಚರಿಕೆಯು ಕೊಳವೆಯ ತುದಿಯಲ್ಲಿಯೇ ಮುಗಿದರೆ ಸಾಲದು. 1989ರ ಮಾರ್ಚ್ 24ರಂದು ಎಕ್ಸಾನ್ ವಾಲ್ಡೀಜ್ ಎಂಬ ಹಡಗು ಬಂಡೆಗೆ ತಾಗಿ ಸುಮಾರು 4 ಕೋಟಿ ಲೀಟರ್ ಎಣ್ಣೆ ಕಡಲಿಗೆ ಹರಿಯಿತು. ಎರಡು ಲಕ್ಷಕ್ಕೂ ಮೀರಿ ಕಡಲಹಕ್ಕಿಗಳು ಸತ್ತಿರಬೇಕೆಂದು ಅಂದಾಜು ಮಾಡಲಾಗಿದೆ.

ತೈಲದ ಆದಾಯದಲ್ಲಿ ಒಂದು ಭಾಗವನ್ನು ಮುಂದಿನ ಪೀಳಿಗೆಗಳಿಗಾಗಿ ಕೂಡಿಡಬೇಕೆಂದು ಅಲಾಸ್ಕದ ಜನರು 1976ರಲ್ಲಿ ತಮ್ಮ ಸಂವಿಧಾನವನ್ನೇ ತಿದ್ದಿದರು. 1982ರಿಂದ ಆ ನಿಧಿಯ ಗಳಿಕೆಯ ಪಾಲನ್ನು ಮಗುವಿನಿಂದ ಮುದುಕರವರೆಗೆ ನಿವಾಸಿಗಳಿಗೆಲ್ಲ ಹಂಚುತ್ತ ಬಂದಿದ್ದಾರೆ. ತಿಮಿಂಗಿಲದ ಮಾಂಸವನ್ನು ಊರಿಗೆಲ್ಲ ಹಂಚುತ್ತಿದ್ದ ಹಳೆಯ ಪದ್ಧತಿಯು ಇಲ್ಲಿ ನೆನಪಾಗುವುದು ಸಹಜ.

ಆದರೆ ತೈಲವನ್ನು ಉರಿಸಿದಷ್ಟೂ ಭೂಮಿ ಬಿಸಿಯೇರುತ್ತದೆ. ಭೂಮಿ ಬಿಸಿಯೇರಿದಷ್ಟೂ ಅಲಾಸ್ಕದ ಹೆಪ್ಪುಗಟ್ಟಿದ ನೆಲ ಕರಗುತ್ತದೆ. ಪಶ್ಚಿಮದ ನ್ಯೂಟಾಕ್ ಎಂಬ ಯೂಪಿಕ್ ಹಳ್ಳಿಯ ಕೆಳಗಿನ ನೆಲ ಕರಗಿ, ನದಿ ದಡವನ್ನು ಕೊರೆದದ್ದರಿಂದ, 2019ರಿಂದ 2024ರವರೆಗೆ ಅಲ್ಲಿಯ ಜನರು ಮರ್ಟಾರ್ವಿಕ್ ಎಂಬ ಹೊಸ ಸ್ಥಳಕ್ಕೆ ವಲಸೆ ಹೋಗಬೇಕಾಯಿತು. ಕರಗುತ್ತಿರುವುದು ನೆಲವೊಂದೇ ಅಲ್ಲ. ಏಯಾಕ್ ಎಂಬ ಭಾಷೆಯನ್ನು ತಾಯ್ನುಡಿಯಾಗಿ ಬಲ್ಲ ಕೊನೆಯ ವ್ಯಕ್ತಿಯಾದ ಮೇರಿ ಸ್ಮಿತ್ ಜೋನ್ಸ್ 2008ರಲ್ಲಿ ತೀರಿಕೊಂಡರು. ಉಳಿದ ನುಡಿಗಳಾದರೂ ಬಾಳಲೆಂದು 2014ರಲ್ಲಿ ಅಲಾಸ್ಕವು 20 ಮೂಲನಿವಾಸಿ ಭಾಷೆಗಳನ್ನು ಇಂಗ್ಲಿಷಿನೊಡನೆ ರಾಜ್ಯಭಾಷೆಗಳೆಂದು ಅಂಗೀಕರಿಸಿತು.

ಅಲಾಸ್ಕವನ್ನು ತೊಗಲಿನಿಂದ ಅಳೆದವರು ತೊಗಲು ಮುಗಿದಾಗ ಅದನ್ನು ಮಾರಿದರು. ಚಿನ್ನದಿಂದ ಅಳೆದವರು ಚಿನ್ನ ತೀರಿದಾಗ ಹಿಂದಿರುಗಿದರು. ತೈಲವೂ ಒಂದು ದಿನ ಮುಗಿಯತಕ್ಕದ್ದೇ. ಆ ನೆಲವನ್ನು ಮನೆಯೆಂದು ತಿಳಿದವರು ಮಾತ್ರ ಎಲ್ಲ ಕಾಲಕ್ಕೂ ಅಲ್ಲಿಯೇ ನಿಂತರು. 72 ಲಕ್ಷ ಡಾಲರುಗಳನ್ನು ಪಾವತಿ ಮಾಡಿದ 1868ರ ಚೆಕ್ಕನ್ನು ಅಮೆರಿಕದ ರಾಷ್ಟ್ರೀಯ ದಾಖಲೆಗಳ ಭಂಡಾರದಲ್ಲಿ ಇಂದಿಗೂ ಕಾಪಾಡಿದ್ದಾರೆ. ಅದರಲ್ಲಿ ಮೊತ್ತವಿದೆ, ಹಣ ಪಡೆದವನ ಹೆಸರಿದೆ. ಅಲ್ಲಿ ಬಾಳಿದವರ ಹೆಸರು ಮಾತ್ರ ಇಲ್ಲ.

ಅಭ್ಯಾಸ

ಅ. ಒಂದೆರಡು ವಾಕ್ಯಗಳಲ್ಲಿ ಉತ್ತರಿಸಿರಿ:
1. ‘ಅಲಾಸ್ಕ’ ಎಂಬ ಹೆಸರಿನ ಅರ್ಥವೇನು?
2. ಡಯೊಮೀಡ್ ದ್ವೀಪಗಳ ವೈಶಿಷ್ಟ್ಯವೇನು?
3. ರಷ್ಯವು ಅಲಾಸ್ಕವನ್ನು ಮಾರಲು ಕಾರಣಗಳೇನು?

ಆ. ಐದಾರು ವಾಕ್ಯಗಳಲ್ಲಿ ಉತ್ತರಿಸಿರಿ:
1. ನೋಮ್ ಪಟ್ಟಣಕ್ಕೆ ಔಷಧವು ತಲುಪಿದ ಬಗೆಯನ್ನು ವಿವರಿಸಿರಿ.
2. ತೈಲದ ಕೊಳವೆಯನ್ನು ಕಂಬಗಳ ಮೇಲೆ ಹಾಯಿಸಿದ್ದೇಕೆ?
3. 1971ರ ಕಾನೂನಿನಿಂದ ಮೂಲನಿವಾಸಿಗಳು ಪಡೆದದ್ದೇನು, ಕಳೆದುಕೊಂಡದ್ದೇನು?

ಇ. ‘ಒಂದು ನಾಡಿನ ಬೆಲೆಯನ್ನು ಹಣದಿಂದ ಅಳೆಯಲಾಗದು’—ಪಾಠದ ಆಧಾರದಿಂದ ಈ ಮಾತನ್ನು ಸಮರ್ಥಿಸಿರಿ.